ಪ್ರಚಾರವೆಂಬ ಹೊಸ ಬಿಟ್ಟಿ ಚಾಕರಿ

ಬಿಟ್ಟಿ ಚಾಕರಿ ಈ ದೇಶದಿಂದ ತೊಲಗಿತೆಂದು ನಂಬಿದವರುಂಟು. ಸಂವಿಧಾನದ 23ನೆಯ ವಿಧಿ ಅದನ್ನು ನಿಷೇಧಿಸಿದೆ. 1976ರ ಕಾನೂನು ಜೀತವನ್ನು ರದ್ದುಮಾಡಿದೆ. ಗೌಡನ ಮನೆಯ ಮದುವೆಗೆ ಕೂಲಿಯಿಲ್ಲದೆ ಸೌದೆ ಒಡೆಯುವ ಕಾಲ ಹೋಯಿತೆಂದು ಮಕ್ಕಳಿಗೆ ಪಾಠ ಹೇಳಿದವರು ನಮ್ಮಲ್ಲೇ ಇದ್ದೇವೆ. ಆದರೆ ಬಿಟ್ಟಿ ಹೋಗಲಿಲ್ಲ. ಹೆಸರು ಬದಲಾಯಿಸಿಕೊಂಡು ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕುಳಿತಿದೆ. ಅದರ ಈಗಿನ ಹೆಸರುಗಳಲ್ಲಿ ಒಂದು 'ಪ್ರಚಾರ' ಎಂಬುದು. ಧಣಿಯಾದವನು ನಿಮ್ಮಿಂದ ಕೆಲಸ ಮಾಡಿಸಿಕೊಳ್ಳುತ್ತಾನೆ, ಆ ಕೆಲಸವನ್ನು ಪೇಟೆಗೆ ಒಯ್ಯುತ್ತಾನೆ, ಅದರಿಂದ ಹಣ ಮಾಡುತ್ತಾನೆ. ಪಾಲು ಕೇಳಿದರೆ, 'ಇದು ಸರಕಲ್ಲ ಸ್ವಾಮಿ, ಬರಿಯ ಪ್ರಚಾರ' ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ಕೂಲಿಯೂ ಇಲ್ಲ, ಹೆಸರೂ ಇಲ್ಲ.

ಇದು ಹೇಗೆ ನಡೆಯುತ್ತದೆಂಬುದಕ್ಕೆ ನಾವು ಅಮೆರಿಕದ ಒಂದು ಪ್ರಸಂಗವನ್ನು ಎತ್ತಿಕೊಂಡಿದ್ದೇವೆ. ಆಕಾಶಹಡಗು, ಯಂತ್ರಮಾನವರ ಕಥೆಯುಳ್ಳ ಒಂದು ದೂರದರ್ಶನ ಧಾರಾವಾಹಿಯ ಪ್ರಸಂಗ ಅದು. ನಮಗೂ ಅದಕ್ಕೂ ಏನೆಂದು ಓದುಗರು ಪುಟ ಮಗುಚಬಾರದು. ಪಾವಗಡದ ವಳ್ಳೂರಿನಲ್ಲಿ ಹೊಲಗಳ ಮೇಲೆ ಗಾಜಿನ ಫಲಕ ಹಾಸಿದಾಗ ರೈತರು ಬರೆಸಿಕೊಂಡ ಗುತ್ತಿಗೆಪತ್ರಕ್ಕೂ ಈ ಆಕಾಶದ ಕಥೆಗೂ ಇರುವ ಸಂಬಂಧ ಮುಂದೆ ತಾನಾಗಿ ತಿಳಿಯುತ್ತದೆ.

ಧಾರಾವಾಹಿಯ ಹೆಸರು 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'. 1978ರಲ್ಲಿ ಮೊದಲು ಬಂದ ಕಥೆಯನ್ನು ರಾನಲ್ಡ್ ಮೂರ್ ಎಂಬ ಬರಹಗಾರ ಹೊಸದಾಗಿ ಕಟ್ಟಿದ. 2003ರ ಡಿಸೆಂಬರಿನಲ್ಲಿ ಪೀಠಿಕೆ, ಅನಂತರ 2009ರ ಮಾರ್ಚಿಯವರೆಗೆ ನಾಲ್ಕು ಸರಣಿ ನಡೆದವು. ಮನುಷ್ಯರು ತಮ್ಮ ಚಾಕರಿಗೆಂದು ಯಂತ್ರಮಾನವರನ್ನು ಮಾಡುತ್ತಾರೆ. ಅವು ದಂಗೆಯೇಳುತ್ತವೆ. ನಾಡಿಗೆ ನಾಡೇ ಸುಟ್ಟುಹೋಗಿ ಅಳಿದುಳಿದ ಐವತ್ತು ಸಾವಿರದಷ್ಟು ಜನ ಹಡಗುಗಳಲ್ಲಿ ಆಕಾಶದ ತುಂಬ ಅಲೆಯುತ್ತಾರೆ. ಇಲ್ಲೊಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇವೆ. 'ರೋಬೋ' ಎಂಬ ಮಾತನ್ನು ಲೋಕಕ್ಕೆ ಕೊಟ್ಟದ್ದು ಜೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕ. ಅದು ಬಂದದ್ದು 'ರೊಬೊಟಾ' ಎಂಬ ಜೆಕ್ ಶಬ್ದದಿಂದ. ಅರ್ಥ ಏನೆಂದರೆ, ಧಣಿಯ ಹೊಲದಲ್ಲಿ ಒಕ್ಕಲು ಮಾಡಬೇಕಾದ ಬಿಟ್ಟಿ ಚಾಕರಿ. ಎಲ್ಲಿಗೆ ಹೋದರೂ ಆ ಶಬ್ದ ನಮ್ಮನ್ನು ಬಿಡುವುದಿಲ್ಲ.

ಎರಡನೆಯ ಸರಣಿ ಮುಗಿದು ಮೂರನೆಯದು ಮೊದಲಾಗುವ ನಡುವೆ ಪ್ರೇಕ್ಷಕರು ಚದುರಿಹೋಗಬಾರದೆಂದು ಚಾನೆಲ್ಲಿನವರು ಒಂದು ಉಪಾಯ ಹೂಡಿದರು. ಕೆಲವೇ ನಿಮಿಷಗಳ ಹತ್ತು ಕಿರುಕಂತುಗಳನ್ನು ಮಾಡಿಸಿ, 2006ರ ಸೆಪ್ಟೆಂಬರ್ 5ರಿಂದ ಅಕ್ಟೋಬರ್ 5ರವರೆಗೆ ವಾರಕ್ಕೆರಡರಂತೆ ಅಂತರ್ಜಾಲದಲ್ಲಿ ಬಿಟ್ಟರು. ಮರುದಿನವೇ, ಅಕ್ಟೋಬರ್ 6ರಂದು, ಮೂರನೆಯ ಸರಣಿ ದೂರದರ್ಶನದಲ್ಲಿ ಆರಂಭವಾಯಿತು. ಯೂಟ್ಯೂಬು ಹುಟ್ಟಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಇಂದು ಮಧುಗಿರಿಯ ಬಸ್ಸಿನಲ್ಲಿ ಕುಳಿತ ಹುಡುಗನ ಕೈಯ ಫೋನಿನಲ್ಲಿ ಓಡುವ ಮೂರು ನಿಮಿಷದ ಚಿತ್ರಗಳಿಗೆಲ್ಲ ಅಜ್ಜ ಎನ್ನಬಹುದಾದ ಪ್ರಯೋಗಗಳಲ್ಲಿ ಅದೂ ಒಂದು.

ಆ ಕಿರುಕಂತುಗಳ ಹೆಸರು 'ದಿ ರೆಸಿಸ್ಟೆನ್ಸ್', ಎಂದರೆ ಪ್ರತಿರೋಧ. ಬರೆದವರು ಬ್ರ್ಯಾಡ್ಲಿ ಥಾಂಪ್ಸನ್, ಡೇವಿಡ್ ವೆಡಲ್ ಎಂಬ ಇಬ್ಬರು. ಯಂತ್ರಮಾನವರ ಸೈನ್ಯ ಮನುಷ್ಯರ ಹೊಸ ನೆಲೆಯನ್ನು ಹಿಡಿದುಕೊಂಡಿದೆ. ಒಳಗೊಳಗೇ ಪ್ರತಿರೋಧ ಕಟ್ಟುವ ಗುಂಪು ದೇವಾಲಯದಲ್ಲಿ ಆಯುಧ ಬಚ್ಚಿಡುತ್ತದೆ. ಸೈನ್ಯ ನುಗ್ಗುತ್ತದೆ, ಪ್ರಾರ್ಥನೆಗೆ ಬಂದವರು ಗುಂಡಿಗೆ ಬಲಿಯಾಗುತ್ತಾರೆ. ಡಕ್ ಎಂಬುವನ ಹೆಂಡತಿ ಸಾಯುತ್ತಾಳೆ. ಅವನು ಸೇಡಿನ ಮನಸ್ಸು ಒಳಗಿಟ್ಟುಕೊಂಡು ಶತ್ರು ಕಟ್ಟಿದ ಪೊಲೀಸು ಪಡೆಗೆ ಸೇರುತ್ತಾನೆ. ಜಾಮರ್ ಎಂಬ ಇನ್ನೊಬ್ಬ, ಬೆದರಿಕೆಗೂ ನಯದ ಮಾತಿಗೂ ಸೋತು, ತನ್ನವರ ಸುದ್ದಿಯನ್ನು ಶತ್ರುವಿಗೆ ಮುಟ್ಟಿಸುವ ದಾರಿಗೆ ಬೀಳುತ್ತಾನೆ. ಈ ಪ್ರತಿರೋಧದ ಮುಂದಾಳುಗಳಲ್ಲೊಬ್ಬ ಟೈರಲ್ ಎಂಬ ಯಂತ್ರಕರ್ಮಿ. ಕಥೆಯಲ್ಲಿ ಅವನು ಕಾರ್ಮಿಕ ಸಂಘದ ಅಧ್ಯಕ್ಷ!

ಈಗ ಕಥೆ ಬರೆದ ಕಾರ್ಮಿಕರ ಗತಿಯನ್ನು ನೋಡಿ.

ಧಾರಾವಾಹಿಯ ಒಡೆಯರು ಎನ್‌ಬಿಸಿ ಯೂನಿವರ್ಸಲ್ ಎಂಬ ಭಾರಿ ಕಂಪನಿ. ಅದರ ನೂರಕ್ಕೆ ಎಂಬತ್ತು ಪಾಲು ಆಗ ಜನರಲ್ ಎಲೆಕ್ಟ್ರಿಕ್‌ನದು. ದೀಪದ ಬುರುಡೆಯಿಂದ ವಿಮಾನದ ಎಂಜಿನ್ನಿನವರೆಗೆ ಎಲ್ಲವನ್ನೂ ಮಾರುತ್ತಿದ್ದ ಸಂಸ್ಥೆ. ಇಂಥವರು ಹೇಳಿದ್ದೇನೆಂದರೆ, ಅಂತರ್ಜಾಲದ ಕಿರುಕಂತು ಧಾರಾವಾಹಿಯಲ್ಲ, 'ಪ್ರಚಾರ ಸಾಮಗ್ರಿ', ಆದ್ದರಿಂದ ಒಪ್ಪಂದದ ಪ್ರಕಾರ ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದು. ರಾನಲ್ಡ್ ಮೂರ್ ಜಗ್ಗಾಡಿದ. ಬಹಳ ದಿನದ ಜಗ್ಗಾಟದ ಮೇಲೆ, ದುಡಿದವರಿಗೆ ಕೂಲಿ ಕೊಡಲು ಒಪ್ಪಿದರು. ಆದರೆ ಕೆಲಸ ಮುಂದುವರಿದ ಮೇಲೆ ಹೊಸ ಷರತ್ತು ಬಂತು. ಬರೆದವರ, ಮಾಡಿದವರ ಹೆಸರನ್ನು ತೆರೆಯ ಮೇಲೆ ಹಾಕುವುದಿಲ್ಲ. ಮುಂದೆ ಇದನ್ನು ಎಲ್ಲಿ ಬೇಕಾದರೂ ಹೇಗೆ ಬೇಕಾದರೂ ಬಳಸಿಕೊಳ್ಳುತ್ತೇವೆ. ಹಾಗಾದರೆ ಚಿತ್ರಗಳನ್ನು ನಿಮ್ಮ ಕೈಗೆ ಕೊಡುವುದಿಲ್ಲ ಎಂದು ಮೂರ್ ಹೇಳಿಬಿಟ್ಟ. ಕಂಪನಿಯವರು ಸಂಕಲನದ ಕೋಣೆಗೆ ಬಂದು ಅವನ್ನು ಎತ್ತಿಕೊಂಡು ಹೋದರು.

ಎತ್ತಿಕೊಂಡು ಹೋಗುವ ಹಕ್ಕು ಅವರಿಗಿತ್ತೆಂದು ಮೂರ್ ತಾನೇ ಆಮೇಲೆ ಒಪ್ಪಿದ್ದಾನೆ. ನಮಗೆ ಮುಖ್ಯವಾಗಿ ಕಾಣುವುದು ಈ ಮಾತೇ. ಕಳ್ಳತನವಾಗಿದ್ದರೆ ಪೊಲೀಸಿನವರನ್ನು ಕರೆಯಬಹುದಿತ್ತು. ಇಲ್ಲಿ ಕಾನೂನೇ ಧಣಿಯ ಪಕ್ಕದಲ್ಲಿ ನಿಂತಿತ್ತು. ಕಣದಲ್ಲಿದ್ದ ರಾಶಿಯನ್ನು ಗೇಣಿ ಬಾಕಿಯ ಹೆಸರಿನಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದ ಜಮೀನ್ದಾರನ ಕೈಯಲ್ಲೂ ಕಾಗದವಿರುತ್ತಿತ್ತು. ಕಾಗದವಿದೆ ಎಂದಮಾತ್ರಕ್ಕೆ ನ್ಯಾಯವಿದೆಯೆಂದು ಹೇಳಲಾದೀತೆ?

ಇನ್ನು ಈ 'ಪ್ರಚಾರ' ಎಂಬ ಮಾತನ್ನೇ ಸ್ವಲ್ಪ ಒರೆಗೆ ಹಚ್ಚೋಣ. ಶಾಲೆಯ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆ ಹೇಳುತ್ತಾರೆ. ಕುಂಟನನ್ನು ಕುಂಟನೆಂದರೆ ಅನ್ವರ್ಥನಾಮ. ಧಣಿಗಳು ಕೆಲಸಕ್ಕೆ ಇಡುವ ಹೆಸರು ಈ ಮೂರರಲ್ಲಿ ಯಾವುದಕ್ಕೂ ಸೇರದು. ಪ್ರಚಾರವೆಂದರೆ ಏನು? ಇರುವ ಸರಕನ್ನು ತೋರಿಸಿ, ಕೊಳ್ಳಿ ಎಂದು ಕರೆಯುವುದು. ಸಿರಾದ ಸಂತೆಯಲ್ಲಿ ಕಂಬಳಿ ಮಾರುವವನು ಕೂಗುತ್ತಾನೆ. ಆ ಕೂಗು ಪ್ರಚಾರ, ಕಂಬಳಿ ಸರಕು. ಕೂಗನ್ನು ಯಾರೂ ಹೊದೆಯುವುದಿಲ್ಲ. ಆದರೆ ಈ ಕಿರುಕಂತುಗಳಲ್ಲಿ ಹೊಸ ಕಥೆಯಿದೆ, ಸಾವಿದೆ, ದ್ರೋಹವಿದೆ. ಅಷ್ಟೇ ಅಲ್ಲ, ಇಲ್ಲಿ ಹಾಕಿದ ಗಂಟು ಬಿಚ್ಚುವುದು ಮುಂದಿನ ಸರಣಿಯಲ್ಲಿ. ಡಕ್ ಎಂಬುವನು ಪೊಲೀಸು ಪಡೆಯ ಸಮಾರಂಭದಲ್ಲಿ ತನ್ನ ಮೈಗೆ ಬಾಂಬು ಕಟ್ಟಿಕೊಂಡು ಸಿಡಿಯುವುದು ಮೂರನೆಯ ಸರಣಿಯ ಮೊದಲ ಕಂತಿನಲ್ಲಿ. ಅವನು ಏಕೆ ಹಾಗೆ ಮಾಡಿದನೆಂಬುದು ತಿಳಿಯಬೇಕಾದರೆ ಅಂತರ್ಜಾಲದ ಕಿರುಕಂತು ನೋಡಿರಬೇಕು. ಜಾಮರನನ್ನು ಅವನ ಹಳೆಯ ಸಂಗಾತಿಗಳೇ ಗುಟ್ಟಾಗಿ ವಿಚಾರಣೆ ಮಾಡಿ ಕೊಲ್ಲುವುದು ಅದೇ ಸರಣಿಯಲ್ಲಿ. ಅವನು ಕಾಲು ಜಾರಿದ್ದು ಎಲ್ಲಿ? ಕಿರುಕಂತಿನಲ್ಲಿ. ಅಂದಮೇಲೆ ಅದು ಕಥೆಯ ಅಂಗವೋ, ಕಥೆಯ ಡಂಗುರವೋ? ಕಾದಂಬರಿಯ ನಡುವಿನ ಒಂದು ಅಧ್ಯಾಯವನ್ನು ಕಿತ್ತು ಬೇರೆ ಕಾಗದದಲ್ಲಿ ಅಚ್ಚುಮಾಡಿ, ಇದು ಅಧ್ಯಾಯವಲ್ಲ, ಕರಪತ್ರ ಎಂದರೆ ಯಾವ ಓದುಗ ಒಪ್ಪುತ್ತಾನೆ?

ಅದೇ ಕಂಪನಿ ಅದೇ ಬೇಸಗೆಯಲ್ಲಿ 'ದಿ ಆಫೀಸ್' ಎಂಬ ಹಾಸ್ಯ ಧಾರಾವಾಹಿಗೂ ಹತ್ತು ಕಿರುಕಂತುಗಳನ್ನು ಮಾಡಿಸಿತ್ತು. ಗುಮಾಸ್ತರ ಲೆಕ್ಕದಲ್ಲಿ ಹಣ ಕಾಣೆಯಾದ ಕಥೆ ಅದು. ಎಂಥ ಹೊಂದಾಣಿಕೆ! ಆ ಕಿರುಕಂತುಗಳಿಗೆ 2007ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ತಮಗೆ ಇದಕ್ಕೆ ದುಡ್ಡು ಬರಲಿಲ್ಲವೆಂದು, ಜಾಹೀರಾತು ಸೇರಿಸಿ ತೋರಿಸಿದ ಚಿತ್ರವನ್ನೇ ಪ್ರಚಾರವೆಂದು ಕರೆದರೆಂದು ಅದರ ಬರಹಗಾರರು ಮುಷ್ಕರದ ಸಾಲಿನಲ್ಲಿ ನಿಂತು ಹೇಳಿದರು. ಯೋಚಿಸಿ ನೋಡಿ. ಸೋಪಿನವನು, ಮೋಟಾರಿನವನು ಹಣ ಕೊಟ್ಟು ಈ ಚಿತ್ರದ ಪಕ್ಕದಲ್ಲಿ ತನ್ನ ಜಾಹೀರಾತು ಹಾಕಿಸಿಕೊಳ್ಳುತ್ತಾನೆ. ಜಾಹೀರಾತಿಗೆ ಜಾಹೀರಾತು ಹಾಕುವ ಹುಚ್ಚ ಎಲ್ಲಾದರೂ ಇದ್ದಾನೆಯೆ? ಹಣ ಒಳಗೆ ಬರುವಾಗ ಅದು ಕಾರ್ಯಕ್ರಮ, ಹಣ ಹೊರಗೆ ಹೋಗಬೇಕಾದಾಗ ಪ್ರಚಾರ. ಒಂದೇ ಬಾಗಿಲಿಗೆ ಎರಡು ಹೆಸರು.

ಅಮೆರಿಕದ ಧಣಿಗಳಿಗೆ ಈ ವಿದ್ಯೆ ಹೊಸದಲ್ಲ. ಹೊಸ ಯಂತ್ರ ಬಂದಾಗಲೆಲ್ಲ, 'ಇದು ಇನ್ನೂ ಕೂಸು, ಇದರ ಮೇಲೆ ಭಾರ ಹಾಕಬೇಡಿ' ಎನ್ನುತ್ತಾರೆ. ಕೂಸು ಬೆಳೆದು ಗೂಳಿಯಾದರೂ ಲೆಕ್ಕ ಕೂಸಿನದೇ.

ದೂರದರ್ಶನ ಬಂದಾಗ ಹಳೆಯ ಚಿತ್ರಗಳನ್ನು ಅದರಲ್ಲಿ ಮತ್ತೆ ಮತ್ತೆ ತೋರಿಸಿ ಸ್ಟುಡಿಯೋಗಳು ಹಣ ಮಾಡತೊಡಗಿದವು. ಬರೆದವರಿಗೂ ನಟಿಸಿದವರಿಗೂ ಅದರಲ್ಲಿ ಪಾಲಿರಲಿಲ್ಲ. 1960ರಲ್ಲಿ ಬರಹಗಾರರ ಸಂಘ ಜನವರಿಯಿಂದ ಜೂನ್‌ವರೆಗೆ ಮುಷ್ಕರ ಹೂಡಿತು. ನಟರೂ ಅದೇ ವರ್ಷ ಕೆಲಸ ನಿಲ್ಲಿಸಿದರು. ನಟರ ಸಂಘದ ಅಧ್ಯಕ್ಷ ಯಾರು ಗೊತ್ತೆ? ರಾನಲ್ಡ್ ರೇಗನ್! ಮುಂದೆ ಅಮೆರಿಕದ ಅಧ್ಯಕ್ಷನಾಗಿ 1981ರಲ್ಲಿ ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದ ಮಹಾಶಯನೇ ಈತ. ಆ 1960ರ ರಾಜಿಯಲ್ಲೂ ಆತ ಹಿಂದಿನ ವರ್ಷಗಳ ಚಿತ್ರಗಳ ಪಾಲನ್ನು ಬಿಟ್ಟುಕೊಟ್ಟು ಪಿಂಚಣಿ ನಿಧಿಗೆ ಒಂದು ಗಂಟು ಹಣ ತಂದ. ಹಳೆಯ ನಟರು ಅವನನ್ನು ಅದಕ್ಕಾಗಿ ಕ್ಷಮಿಸಲಿಲ್ಲ. ಆದರೂ ಅಂದಿನಿಂದ ಒಂದು ತತ್ವ ನಿಂತಿತು. ಮತ್ತೆ ತೋರಿಸಿದರೆ ಮತ್ತೆ ಕೊಡತಕ್ಕದ್ದು.

ಆಮೇಲೆ ವಿಡಿಯೋ ಟೇಪು ಬಂತು. 1985ರಲ್ಲಿ ಬರಹಗಾರರ ಮುಷ್ಕರ ಎರಡೇ ವಾರದಲ್ಲಿ ಕುಸಿದುಬಿತ್ತು. ಗೆದ್ದ ಧಣಿಗಳು ಬರೆಸಿಕೊಂಡ ಲೆಕ್ಕವನ್ನು ನಮ್ಮ ಓದುಗರು ಸ್ಲೇಟಿನ ಮೇಲೆ ಮಾಡಿ ನೋಡಬೇಕು. ಟೇಪಿನ ಮಾರಾಟದಿಂದ ನೂರು ರೂಪಾಯಿ ಬಂತೆನ್ನಿ. ಅದರಲ್ಲಿ ಎಂಬತ್ತನ್ನು ತಯಾರಿಕೆಯ ಖರ್ಚೆಂದು ಮೊದಲೇ ಬದಿಗಿಡತಕ್ಕದ್ದು. ಉಳಿದ ಇಪ್ಪತ್ತರಲ್ಲಿ ನೂರಕ್ಕೆ ಒಂದೂವರೆ ಬರಹಗಾರನಿಗೆ. ಎಷ್ಟಾಯಿತು? ಮೂವತ್ತು ಪೈಸೆ. ಅಗ್ಗದ ತಟ್ಟೆಗಳು ಬಂದು ತಯಾರಿಕೆಯ ಖರ್ಚು ಪಾತಾಳಕ್ಕೆ ಇಳಿದರೂ ಆ ಎಂಬತ್ತು ಕದಲಲಿಲ್ಲ. ಒಂದು ತಟ್ಟೆ ಮಾರಿದರೆ ಬರೆದವನಿಗೆ ಸಿಗುತ್ತಿದ್ದುದು ನಾಲ್ಕು ಸೆಂಟಿನ ಆಸುಪಾಸು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಯಾವ ಪ್ರಶ್ನೆಗೆ? ಗೇಣಿ ಅಳೆಯುವಾಗ ಧಣಿ ಹಿಡಿಯುತ್ತಿದ್ದ ದೊಡ್ಡ ಕೊಳಗದ ಪ್ರಶ್ನೆಗೆ. ಗೇಣಿ ಎಷ್ಟು ಕೊಳಗವೆಂಬುದಲ್ಲ, ಕೊಳಗವೇ ಎಷ್ಟು ಸೇರಿನದೆಂಬುದು. ಹಾಲಿವುಡ್ಡಿನ ಧಣಿಗಳು ಕೊಳಗವನ್ನು ಹಿಗ್ಗಿಸುವ ಬದಲು ರಾಶಿಯನ್ನೇ ಕುಗ್ಗಿಸಿದರು.

ಈ ಅನುಭವ ಬೆನ್ನ ಮೇಲಿದ್ದುದರಿಂದಲೇ ಅಂತರ್ಜಾಲದ ಕಿರುಕಂತುಗಳ ಜಗಳ ಅಷ್ಟು ದೊಡ್ಡದಾದದ್ದು. ಹತ್ತು ಪುಟ್ಟ ಚಿತ್ರಗಳಿಗೆ ಇಷ್ಟು ರಂಪವೇಕೆಂದು ಕೇಳಿದವರಿದ್ದರು. ಚಿತ್ರ ಪುಟ್ಟದಿರಬಹುದು, ಮೇಲ್ಪಂಕ್ತಿ ಪುಟ್ಟದಲ್ಲ. ನಾಳೆ ದೂರದರ್ಶನದ ಪೆಟ್ಟಿಗೆಯೇ ಹೋಗಿ ಎಲ್ಲವೂ ಅಂತರ್ಜಾಲಕ್ಕೆ ಬಂದರೆ, ಅಂದು ಇಡೀ ಧಾರಾವಾಹಿಯೇ ಪ್ರಚಾರವಾಗಿಬಿಡುತ್ತದಲ್ಲ! ಹಾಗೆ ಮುಂಗಂಡವರ ಮಾತು ಸುಳ್ಳಾಗಲಿಲ್ಲವೆಂಬುದಕ್ಕೆ ಇಂದಿನ ನಮ್ಮ ಮನೆಗಳೇ ಸಾಕ್ಷಿ.

2007ರ ನವೆಂಬರ್ 5ರಂದು ಅಮೆರಿಕದ ಸುಮಾರು ಹನ್ನೆರಡು ಸಾವಿರ ಬರಹಗಾರರು ಲೇಖನಿ ಕೆಳಗಿಟ್ಟರು. ಗ್ಯಾಲಾಕ್ಟಿಕಾದ ಚಿತ್ರೀಕರಣ ಕೊನೆಯ ಸರಣಿಯ ನಡುವೆ ನಿಂತುಹೋಯಿತು. ಮೂರ್ ಕೂಡ ಫಲಕ ಹಿಡಿದು ಸಾಲಿನಲ್ಲಿ ನಡೆದ. ನೂರು ದಿನ ಕಾದಾಟ ನಡೆದು 2008ರ ಫೆಬ್ರುವರಿ 12ರಂದು ಮುಗಿಯಿತು. ಗೆದ್ದದ್ದೇನು? ಧಾರಾವಾಹಿಯಿಂದ ಹುಟ್ಟಿದ ಕಿರುಕಂತುಗಳನ್ನು ಬರೆಯುವುದು ಸಂಘದ ಒಪ್ಪಂದಕ್ಕೆ ಒಳಪಟ್ಟ ಕೆಲಸವೆಂದು ಕಂಪನಿಗಳು ಒಪ್ಪಿದವು. ಅಂತರ್ಜಾಲದಲ್ಲಿ ಜಾಹೀರಾತಿನೊಡನೆ ತೋರಿಸಿದ ಕಂತುಗಳಿಗೆ ಮೊದಲ ಎರಡು ವರ್ಷ ಗೊತ್ತಾದ ಮೊತ್ತ, ಮೂರನೆಯ ವರ್ಷದಿಂದ ವಿತರಕನ ಆದಾಯದಲ್ಲಿ ನೂರಕ್ಕೆ ಎರಡು ಪಾಲು ಬಂತು. ಕೇಳಿದ್ದು ಎರಡೂವರೆ. ತಟ್ಟೆಗಳ ನಾಲ್ಕು ಸೆಂಟನ್ನು ಎಂಟು ಮಾಡಬೇಕೆಂಬ ಬೇಡಿಕೆಯನ್ನು ಸಂಧಾನದಲ್ಲೇ ಕೈಬಿಡಬೇಕಾಯಿತು. ಮತ್ತೊಂದು ತಮಾಷೆಯಿದೆ. ಕಂತು ಪ್ರಸಾರವಾದ ಮೊದಲ ಹದಿನೇಳು ದಿನ, ಹೊಸ ಧಾರಾವಾಹಿಯಾದರೆ ಇಪ್ಪತ್ತನಾಲ್ಕು ದಿನ, ಪಾಲು ಕೊಡದೆ ಅಂತರ್ಜಾಲದಲ್ಲಿ ತೋರಿಸಬಹುದೆಂದು ಧಣಿಗಳು ಬರೆಸಿಕೊಂಡರು. ಸುಳ್ಳನ್ನು ಪೂರ್ತಿ ಓಡಿಸಲಾಗಲಿಲ್ಲ. ಹದಿನೇಳು ದಿನದ ಪಂಜರದಲ್ಲಿ ಕೂಡಿಹಾಕಿದ್ದಾಯಿತು. ಜನ ಹೊಸ ಕಂತನ್ನು ನೋಡುವುದೇ ಆ ಮೊದಲ ದಿನಗಳಲ್ಲಿ ಎಂಬುದನ್ನು ಮರೆಯಬಾರದು. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಗೆಲುವು. ಅರ್ಧ ಉಳಿದದ್ದರಿಂದಲೇ 2023ರಲ್ಲಿ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ ನೂರ ನಲವತ್ತೆಂಟು ದಿನ ಮತ್ತೆ ಮುಷ್ಕರ ನಡೆಸಬೇಕಾಯಿತು. ಅಂದೂ ಜಗಳ ಅದೇ ಅಂತರ್ಜಾಲದ ಪಾಲಿನದು, ಜೊತೆಗೆ ಮನುಷ್ಯನ ಬದಲು ಬರೆಯುವ ಯಂತ್ರದ್ದು. ಚಾಪೆಕ್ಕನ ನಾಟಕ ಬಂದು ಆಗ ನೂರು ವರ್ಷ ಕಳೆದಿತ್ತು.

ನಮ್ಮ ಗೆಳೆಯರಲ್ಲಿಯೇ ಕೆಲವರು ಇದನ್ನು ಕೇಳಿ ಮೂಗು ಮುರಿಯುತ್ತಾರೆಂದು ಬಲ್ಲೆವು. ಹಾಲಿವುಡ್ಡಿನ ಬರಹಗಾರ ಕಾರಿನಲ್ಲಿ ಓಡಾಡುವವನು, ಅವನ ಪಾಲಿನ ಚಿಂತೆ ರಾಗಿ ಮುದ್ದೆಗೂ ತಡಕಾಡುವ ಬರಗಾಲದ ತಾಲ್ಲೂಕಿನವರಿಗೇಕೆ ಎನ್ನುತ್ತಾರೆ. ಇದಕ್ಕೆ ಉತ್ತರ ವಳ್ಳೂರಿನಲ್ಲಿದೆ.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ನೆಲದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯ ಸೌರ ವಿದ್ಯುತ್ ಉದ್ಯಾನವಿದೆ. 2018ರ ಮಾರ್ಚಿಯಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಸಾಮರ್ಥ್ಯ 2,050 ಮೆಗಾವ್ಯಾಟ್. ಕಡಲೆಕಾಯಿ ಬಿತ್ತಿ ಮಳೆಗೆ ಮುಖವೆತ್ತಿ ಕೂರುತ್ತಿದ್ದ ರೈತರು ಅಲ್ಲಿ ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರುವಂತೆ, ಇಪ್ಪತ್ತೆಂಟು ವರ್ಷದ ಗುತ್ತಿಗೆಗೆ ಕೊಟ್ಟರು. ಸೂರ್ಯ ದಿನವೂ ಹುಟ್ಟುತ್ತಾನೆ, ಕಂಪನಿ ದಿನವೂ ಮಾರುತ್ತದೆ, ಹಾಗಿರಲಾಗಿ ನೆಲದವನಿಗೆ ಒಂದೇ ಸಲ ಕೈತೊಳೆಸಿ ಕಳಿಸುವುದು ಹೇಗೆ ನ್ಯಾಯ? ಈ ಮೊತ್ತ ಸಾಲದೆಂಬ ದೂರು ಅಲ್ಲಿ ಇಲ್ಲದಿಲ್ಲ, ಅದು ಬೇರೆ ಮಾತು. ಆದರೆ ತತ್ವವನ್ನು ವಳ್ಳೂರಿನ ರೈತ ಕಾಗದದ ಮೇಲೆ ಪಡೆದುಕೊಂಡಿದ್ದಾನೆ. ಯಾವುದು ಫಲ ಕೊಡುತ್ತಲೇ ಇರುತ್ತದೋ ಅದಕ್ಕೆ ಕೊಡುತ್ತಲೇ ಇರತಕ್ಕದ್ದು. ಅಮೆರಿಕದ ಬರಹಗಾರ ನೂರು ದಿನ ಬೀದಿಯಲ್ಲಿ ನಿಂತು ಕೇಳಿದ್ದೂ ಇಷ್ಟೇ. 'ಈ ಫಲಕಗಳು ವಿದ್ಯುತ್ತಿಗಲ್ಲ, ಸೌರಶಕ್ತಿಯ ಪ್ರಚಾರಕ್ಕೆ' ಎಂದು ಹೇಳಿ ಯಾರಾದರೂ ಗುತ್ತಿಗೆ ಹಣ ನಿಲ್ಲಿಸಿದರೆ ಐದೂರಿನವರು ಸುಮ್ಮನಿರುವರೆ?

ಅದೇ ವಳ್ಳೂರು ಸೀಮೆಯಲ್ಲಿ ಇನ್ನೊಂದು ನೋಟವೂ ಇದೆ. ಅದನ್ನು ಮುಚ್ಚಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತೆ. ನೆಲವಿದ್ದವನಿಗೆ ಗುತ್ತಿಗೆ ಬಂತು. ಆ ನೆಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ನೆಲವಿಲ್ಲದ ಕೂಲಿಯವರ ಹೆಸರು ಯಾವ ಪತ್ರದಲ್ಲೂ ಬರಲಿಲ್ಲ. ಕೆಲಸ ಹೋಯಿತು, ಪಾಲು ಬರಲಿಲ್ಲ. ಚಿತ್ರದ ಲೋಕದಲ್ಲೂ ಹೀಗೆಯೇ. ಬರಹಗಾರನ ಪಾಲಿನ ಮಾತಾಡುವಾಗ ದೀಪ ಹೊರುವವನ, ಬಣ್ಣ ಹಚ್ಚುವವಳ, ಊಟ ಬಡಿಸುವವನ ಮಾತು ಹಿಂದೆ ಬೀಳುತ್ತದೆ. ಮುಷ್ಕರದ ನೂರು ದಿನ ಅವರೂ ಕೆಲಸವಿಲ್ಲದೆ ಕುಳಿತರು, ಗೆದ್ದ ಮೇಲೆ ಅಂತರ್ಜಾಲದ ಆ ಪಾಲು ಬರಹಗಾರರದೇ ಆಯಿತು. ಇದನ್ನು ಹೇಳಿದರೆ ಒಗ್ಗಟ್ಟು ಮುರಿಯುತ್ತದೆಂದು ಕೆಲವರು ಹೆದರುತ್ತಾರೆ. ಹೇಳದೆ ಕಟ್ಟಿದ ಒಗ್ಗಟ್ಟು ಎಷ್ಟು ದಿನ ನಿಂತೀತು?

ಹೆಸರು ಬದಲಿಸಿ ಹಕ್ಕು ಕಸಿಯುವ ಈ ವಿದ್ಯೆ ನಮ್ಮ ಕಣ್ಣೆದುರೇ ಎಷ್ಟಿಲ್ಲ! ವರ್ಷವೆಲ್ಲ ಪಾಠ ಹೇಳುವವನನ್ನು 'ಅತಿಥಿ' ಶಿಕ್ಷಕ ಎನ್ನುತ್ತಾರೆ. ಅತಿಥಿ ಎಂದಮೇಲೆ ಖಾಯಂ ಆಗುವ ಮಾತೆತ್ತುವುದು ಅಸಭ್ಯವಷ್ಟೆ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ಮನೆಮನೆ ತಿರುಗುತ್ತಾಳೆ, ಅವಳಿಗೆ ಕೊಡುವುದು ಸಂಬಳವಲ್ಲ, 'ಗೌರವಧನ'. ಮಳೆಯಲ್ಲಿ ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡುವ ಹುಡುಗ ಕಂಪನಿಯ 'ಪಾಲುದಾರ'. ಆ ಪಾಲುದಾರರಿಗೆ ಒಂದು ಕ್ಷೇಮನಿಧಿ ಬೇಕೆಂದು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಮಾಡಬೇಕಾಯಿತು. ಅತಿಥಿ, ಗೌರವ, ಪಾಲುದಾರ, ಎಲ್ಲವೂ ಒಳ್ಳೆಯ ಮಾತುಗಳೇ. ಒಳ್ಳೆಯ ಮಾತನ್ನು ನೋಡಿದ ಕೂಡಲೇ ಜೇಬು ಮುಟ್ಟಿನೋಡಿಕೊಳ್ಳುವ ಕಾಲ ಬಂದಿದೆ.

ಕನ್ನಡದ ಧಾರಾವಾಹಿಗಳ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ದಿನಕ್ಕೊಂದು ಕಂತು ಹೊರಬೀಳುತ್ತದೆ. ಬರಹಗಾರನಿಗೆ ಸಾಮಾನ್ಯವಾಗಿ ಕಂತಿಗಿಷ್ಟೆಂದು ಕೂಲಿ. ಅದೇ ಕಂತನ್ನು ಚಾನೆಲ್ಲಿನವರು ತುಂಡುತುಂಡು ಮಾಡಿ ಯೂಟ್ಯೂಬಿಗೂ ಫೋನಿನ ಪುಟಗಳಿಗೂ ಹಾಕುತ್ತಾರೆ, ಅದಕ್ಕೂ ಜಾಹೀರಾತು ಬರುತ್ತದೆ. ಹಬ್ಬಕ್ಕೊಂದು ವಿಶೇಷ ತುಣುಕು, ಪಾತ್ರಧಾರಿಗಳು ಮಾತಾಡುವ ಇನ್ನೊಂದು ತುಣುಕು ಬೇಕೆಂದು ಬರೆಸುತ್ತಾರೆ, ನಟಿಸುತ್ತಾರೆ, ಚಿತ್ರಿಸುತ್ತಾರೆ. ಇದು ಯಾವ ಲೆಕ್ಕಕ್ಕೆ? 'ಪ್ರೋಮೋ' ಲೆಕ್ಕಕ್ಕೆ! ಕಾನೂನು ಇಲ್ಲವೆಂದಲ್ಲ. 2012ರಲ್ಲಿ ಹಕ್ಕುಸ್ವಾಮ್ಯದ ಕಾನೂನಿಗೆ ತಿದ್ದುಪಡಿಯಾಯಿತು. ರಾಜ್ಯಸಭೆಯಲ್ಲಿ ಕವಿ ಜಾವೇದ್ ಅಖ್ತರ್ ಅದಕ್ಕಾಗಿ ವಾದಿಸಿದರು. ಚಿತ್ರಕ್ಕಾಗಿ ಬರೆದ ಸಾಹಿತ್ಯವನ್ನಾಗಲಿ ಸಂಗೀತವನ್ನಾಗಲಿ ಚಿತ್ರಮಂದಿರದ ಹೊರಗೆ ಬೇರೆ ಯಾವ ರೂಪದಲ್ಲಿ ಬಳಸಿದರೂ ಕರ್ತೃವಿಗೆ ಸಮಪಾಲು ಸಲ್ಲತಕ್ಕದ್ದು, ಆ ಪಾಲನ್ನು ಅವನು ಬರೆದುಕೊಟ್ಟು ಕಳೆದುಕೊಳ್ಳುವಂತೆಯೂ ಇಲ್ಲ ಎಂದು ಅದು ಹೇಳುತ್ತದೆ. ಕಾನೂನಿನ ದೃಷ್ಟಿಯಲ್ಲಿ ಧಾರಾವಾಹಿಯೂ ಚಿತ್ರವೇ. ಕಾನೂನು ಚೆನ್ನಾಗಿದೆ. ಅದನ್ನು ಕೈಯಲ್ಲಿ ಹಿಡಿದು ಚಾನೆಲ್ಲಿನ ಕಚೇರಿಗೆ ಹೋಗುವ ಸಂಭಾಷಣಕಾರ ಮರುದಿನದಿಂದ ಮನೆಯಲ್ಲಿರುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ.

ಚಿತ್ರ, ಧಾರಾವಾಹಿ, ಅಂತರ್ಜಾಲದ ಚಂದಾ, ಇವುಗಳ ಮೇಲೆ ನೂರಕ್ಕೆ ಒಂದರಿಂದ ಎರಡರವರೆಗೆ ಸುಂಕ ಹಾಕಿ ಕಲಾವಿದರ ಕ್ಷೇಮನಿಧಿ ಮಾಡುವ ಮಸೂದೆಯನ್ನು 2024ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿತು. ಒಳ್ಳೆಯದೇ. ಆದರೆ ಕ್ಷೇಮನಿಧಿ ಬೇರೆ, ಪಾಲು ಬೇರೆ. ಕಾಯಿಲೆ ಬಿದ್ದಾಗ ಅರ್ಜಿ ಹಾಕಿ ಪಡೆಯುವುದು ನಿಧಿಯ ಹಣ. ಆರೋಗ್ಯವಾಗಿದ್ದಾಗಲೂ ತಲೆಯೆತ್ತಿ ಪಡೆಯತಕ್ಕದ್ದು ಪಾಲು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸುವ ಹೂಟಕ್ಕೆ ಯಾರೂ ಬೀಳಬಾರದು.

ಪಟ್ಟಣದವರ ಮಾತೇ ಆಯಿತೆಂದರೆ ಹಳ್ಳಿಯದನ್ನೂ ಕೇಳಿ. ಕೊರಟಗೆರೆ ಕಡೆಯ ಒಂದು ಜಾತ್ರೆಯಲ್ಲಿ ಬಯಲಾಟದ ಮೇಳವೊಂದನ್ನು ಇಡೀ ರಾತ್ರಿ ಚಿತ್ರೀಕರಿಸಿಕೊಂಡು ಹೋದವರನ್ನು ನಾವು ಕಂಡಿದ್ದೇವೆ. ಭಾಗವತರಿಗೆ ಒಂದು ಶಾಲು, ಒಂದು ಹಾರ. ಆ ಆಟ ಈಗ ಫೋನುಗಳಲ್ಲಿ ಓಡುತ್ತಿದೆ, ನಡುನಡುವೆ ಗೊಬ್ಬರದ ಜಾಹೀರಾತು. 'ನಿಮಗೆ ಪ್ರಚಾರ ಸಿಕ್ಕಿತಲ್ಲ ಅಜ್ಜಾ' ಎಂದು ಅವರು ಹೇಳಿದರಂತೆ. ಪ್ರಚಾರವನ್ನು ಒಲೆಯ ಮೇಲಿಟ್ಟು ಬೇಯಿಸಿದರೆ ಅನ್ನವಾಗುತ್ತದೆಯೆ ಎಂದು ಭಾಗವತರು ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಗ್ಯಾಲಾಕ್ಟಿಕಾ ಧಾರಾವಾಹಿಗೆ ಮುಷ್ಕರದ ನಂತರ, 2008ರ ಡಿಸೆಂಬರಿನಿಂದ 2009ರ ಜನವರಿಯವರೆಗೆ, ಇನ್ನೊಂದು ಸಲ ಹತ್ತು ಕಿರುಕಂತುಗಳು ಅಂತರ್ಜಾಲದಲ್ಲಿ ಬಂದವು. ಬರೆದವರು ಜೇನ್ ಎಸ್ಪೆನ್‌ಸನ್, ಸೀಮಸ್ ಕೆವಿನ್ ಫೇಹಿ. ಈ ಸಲ ಹೊಸ ಒಪ್ಪಂದ ಜಾರಿಯಲ್ಲಿತ್ತು. ಎರಡು ವರ್ಷದ ಹಿಂದೆ ಇದೇ ಕೆಲಸದ ಮೇಲೆ ಹೆಸರು ಹಾಕುವುದಿಲ್ಲವೆಂದವರು ಇದೇ ಕಂಪನಿಯವರು. ನಡುವೆ ಬದಲಾದದ್ದು ಚಿತ್ರ ಮಾಡುವ ಯಂತ್ರವಲ್ಲ, ಧಣಿಯ ಹೃದಯವೂ ಅಲ್ಲ. ನೂರು ದಿನ ಹನ್ನೆರಡು ಸಾವಿರ ಜನ ಬೀದಿಯಲ್ಲಿ ನಿಂತದ್ದು, ಅಷ್ಟೇ.

ನಮ್ಮ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ಸಂಭಾಷಣೆ ಬರೆಯುವ, ಸಂಕಲನ ಮಾಡುವ, ಸಣ್ಣ ಪಾತ್ರ ಹಾಕುವ ಹುಡುಗ ಹುಡುಗಿಯರಿದ್ದಾರೆ. ಕರಾರುಪತ್ರಕ್ಕೆ ರುಜು ಹಾಕುವ ಮುಂಚೆ ಅವರು 'ಪ್ರಚಾರ' ಎಂಬ ಶಬ್ದ ಎಲ್ಲೆಲ್ಲಿದೆ ಎಂದು ಹುಡುಕಲಿ. ಎಷ್ಟು ನಿಮಿಷದವರೆಗೆ ಪ್ರಚಾರ, ಅದರಾಚೆಗೆ ಎಷ್ಟು ಪಾಲು, ಹೆಸರು ಎಲ್ಲಿ ಬರುತ್ತದೆ, ಈ ಮೂರನ್ನು ಅಂಕಿಯಲ್ಲಿ ಬರೆಸಿಕೊಳ್ಳಲಿ. ಒಬ್ಬೊಬ್ಬರಾಗಿ ಹೋದರೆ ಬಾಗಿಲು ತೋರಿಸುತ್ತಾರೆ, ಹತ್ತು ಜನ ಒಟ್ಟಾಗಿ ಹೋಗಲಿ. ಇಂಥ ಷರತ್ತು ನಮ್ಮ ನಾಡಿನಲ್ಲಿ ಎಲ್ಲಿಯೂ ಇಲ್ಲವೆಂದು ಕಚೇರಿಯವನು ಹೇಳಿದರೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರುವ ವಳ್ಳೂರಿನ ಗುತ್ತಿಗೆಪತ್ರದ ನಕಲೊಂದನ್ನು ಅವನ ಮೇಜಿನ ಮೇಲಿಡಲಿ.